ಫೌಜಿನ ಬೂಟು, ಗದ್ವಾಲಿನ ಸಂಬಂಧ

ನಾನು ಫೌಜಿನಲ್ಲಿದ್ದೇನೆ ಎಂದರೆ ಮಂದಿ ಮೊದಲು ನನ್ನ ಹೊಟ್ಟೆ ನೋಡುತ್ತಾರೆ, ಆಮೇಲೆ ಮುಖ. ಅವರ ತಪ್ಪೇನಿಲ್ಲ. ವರ್ಷದ ಬಹುಪಾಲು ನಾನು ಮಕ್ತಲ್‌ನಲ್ಲಿ, ರಾಯಚೂರಿಗೆ ಹೋಗುವ ರಸ್ತೆಯ ಮಗ್ಗುಲಿಗೆ, ಒಂದು ತಗಡಿನ ಅಂಗಡಿಯಲ್ಲಿ ಕೂತು ಟ್ರ್ಯಾಕ್ಟರ್ ಸೀಟು, ಆಟೋದ ಮೇಲ್ಹೊದಿಕೆ, ತಾಡಪತ್ರಿ ಹೊಲಿಯುವವನು. ವರ್ಷಕ್ಕೊಮ್ಮೆ ಕರೆ ಬರುತ್ತದೆ. ಆಗ ಅಂಗಡಿಗೆ ಬೀಗ ಹಾಕಿ ಟ್ರಂಕು ಹೊತ್ತುಕೊಂಡು ಹೋಗಿ ಒಂದೆರಡು ತಿಂಗಳು ಸಮವಸ್ತ್ರದಲ್ಲಿ ಇದ್ದು ಬರುತ್ತೇನೆ. ಗಡಿಯ ಕಡೆ ಬೇಕಾದರೆ ಇನ್ನೂ ಹೆಚ್ಚು ದಿನ ಇಟ್ಟುಕೊಳ್ಳುತ್ತಾರೆ. ಅಲ್ಲಿಗೆ ಹೋಗಿಯೂ ನಾನು ಮಾಡುವುದು ಹೊಲಿಗೆಯೇ. ಕಾಗದದ ಮೇಲೆ ನನ್ನ ಕೆಲಸಕ್ಕೆ ಇಕ್ವಿಪ್ಮೆಂಟ್ ರಿಪೇರರ್ ಅಂತ ಹೆಸರು. ಹರಿದ ಡೇರೆ, ಕಿತ್ತುಹೋದ ಬೆನ್ನುಚೀಲ, ತುಂಡಾದ ಪಟ್ಟಿ, ಬಾಯಿ ಬಿಟ್ಟ ಬೂಟು, ಇವೆಲ್ಲ ನನ್ನ ಮುಂದೆ ಬಂದು ಬೀಳುತ್ತವೆ.

ಇದಕ್ಕೆ ನಾನು ಸೇರಿದ್ದು ಒಂದು ಜೀಪಿನ ದೆಸೆಯಿಂದ. ಆಗ ನಾರಾಯಣಪೇಟೆಯಲ್ಲಿ ಒಬ್ಬರ ಸೀಟಿನಂಗಡಿಯಲ್ಲಿ ಕೆಲಸಕ್ಕಿದ್ದೆ. ಊರೆಲ್ಲ ಸೀರೆ ನೇಯುವ ಊರು, ನಾನು ಮಾತ್ರ ರೆಕ್ಸಿನ್ನು ಹೊಲಿಯುತ್ತ ಕೂತಿದ್ದೆ. ಫೌಜಿನಿಂದ ನಿವೃತ್ತರಾದ ಒಬ್ಬ ಸುಬೇದಾರರು ತಮ್ಮ ಹಳೆಯ ಜೀಪಿಗೆ ಮೇಲಿನ ಕ್ಯಾನ್ವಾಸು ಹಾಕಿಸಲು ಬಂದರು. ಕೆಲಸ ಮುಗಿಯುವ ತನಕ ಸ್ಟೂಲಿನ ಮೇಲೆ ಕೂತು ನನ್ನ ಕೈ ನೋಡುತ್ತಿದ್ದರು.

"ತಮ್ಮಾ, ಮಿಲಿಟರಿಗೆ ಬರ್ತಿಯೇನು?" ಅಂದರು.

"ನನ್ನ ವಯಸ್ಸು ದಾಟೇತ್ರಿ," ಅಂದೆ.

"ಪೂರಾ ಮಿಲಿಟರಿಗೆ ದಾಟಿರಬೇಕು. ಇದು ಅರ್ಧಾ ಮಿಲಿಟರಿ. ಊರಾಗ ನಿನಗೊಂದು ದುಡಿಮಿ ಇರಬೇಕು, ಅದು ಇದ್ದವರನ್ನೇ ತಗೋತಾರ. ವರ್ಷಕ್ಕೊಮ್ಮೆ ಕರೀತಾರ, ಹೋಗಬೇಕು, ಬರಬೇಕು. ನಿನ್ನಂಥ ಕೈ ಅವರಿಗೆ ಬೇಕು."

ಏನೇನು ಹೊಲಿಯಬೇಕು ಎಂದು ಕೇಳಿದೆ. ಡೇರೆ, ಚೀಲ, ಬೆಲ್ಟು ಎಂದು ಹೇಳುತ್ತ ಹೋಗಿ ಕೊನೆಗೆ "ಬೂಟೂ ಬರ್ತಾವ" ಅಂದರು. ಹಾಗೆ ಅಂದವರೇ ನನ್ನ ಮುಖ ನೋಡಿದರು. ನಮ್ಮದು ಕುರಿ ಕಾಯುವವರ ಮನೆತನ, ಬೀರಪ್ಪನ ಒಕ್ಕಲು ಎಂಬುದು ಅವರಿಗೆ ಗೊತ್ತಿತ್ತು. ನಾನು ಸೂಜಿ ನಿಲ್ಲಿಸಲಿಲ್ಲ. "ಬರಲಿ ಬಿಡ್ರಿ," ಅಂದೆ. ಅಷ್ಟು ಸಲೀಸಾಗಿ ಹೇಗೆ ಅಂದೆನೋ ಗೊತ್ತಿಲ್ಲ. ಬಹುಶಃ ಫೌಜು ಎಂಬ ಮಾತು ಕಿವಿಯಲ್ಲಿ ಕೂತುಬಿಟ್ಟಿತ್ತು.

ಆಯ್ಕೆಗೆ ಹೋಗುವ ಮೊದಲು ಬೂಟಿನ ಕೆಲಸ ಕಲಿಯಬೇಕಾಗಿತ್ತು. ಮಕ್ತಲ್ ಬಸ್ ನಿಲ್ದಾಣದ ಹತ್ತಿರ ಬೇವಿನ ಮರದ ಕೆಳಗೆ ಚಪ್ಪಲಿ ಹೊಲಿಯುವ ಒಬ್ಬ ಮುದುಕ ಕೂರುತ್ತಿದ್ದ. ನಮ್ಮ ಕಡೆಯ ಹಳ್ಳಿಗಳವರೆಲ್ಲ ಅವನ ಹತ್ತಿರವೇ ಹೊಲಿಸುವುದು. ಅವನ ಎದುರು ಹೋಗಿ ಕುಕ್ಕರಗಾಲಲ್ಲಿ ಕೂತೆ.

"ತಾತಾ, ನನಗ ಬೂಟು ಹೊಲಿಯೋದು ಕಲಿಸ್ರಿ," ಅಂದೆ.

ಅವನು ಕೈಯಲ್ಲಿದ್ದ ಚಪ್ಪಲಿ ಕೆಳಗಿಟ್ಟು ನನ್ನನ್ನೇ ನೋಡಿದ. ನಮ್ಮವರು ಯಾರೂ ಅವನಿಗೆ "ರಿ" ಹಚ್ಚಿ ಮಾತಾಡುತ್ತಿರಲಿಲ್ಲ. ಯಾವ ಊರು, ಯಾರ ಮಗ ಎಂದು ಕೇಳಿದ. ಉಟ್ಕೂರು ಕಡೆಯ ನಮ್ಮ ಹಳ್ಳಿಯ ಹೆಸರು ಹೇಳಿ ಅಪ್ಪನ ಗುರುತು ಹೇಳಿದೆ.

"ನಿಮ್ಮಪ್ಪನ ಕೆರ ನಾನೇ ಮಾಡಿಕೊಡ್ತೀನಿ. ಆ ಮನುಷ್ಯಾಗ ಗೊತ್ತಾದ್ರ ನಿನಗೂ ಬೈತಾನ, ನನಗೂ ಬೈತಾನ."

"ಮಿಲಿಟರಿಗೆ ಹೋಗಾಕ ಬೇಕಾಗೇತ್ರಿ ತಾತಾ."

"ಮಿಲಿಟರ್ಯಾಗ ಕೆರ ಹೊಲೀತಾರೇನು?" ಎಂದು ನಕ್ಕ. ನಂತರ ಚಪ್ಪಲಿಯನ್ನು ಮತ್ತೆ ಕೈಗೆ ತೆಗೆದುಕೊಂಡು, "ಇಲ್ಲಿ ಬ್ಯಾಡ. ಗದ್ವಾಲದಾಗ ಬಸ್ ಸ್ಟ್ಯಾಂಡ್ ಹತ್ರ ನನ್ನ ಅಳಿಯಂದು ಒಂದು ಜಾಗಾ ಐತಿ. ಅವ ಹೈದ್ರಾಬಾದಿಗೆ ದುಡಿಯಾಕ ಹೋಗ್ಯಾನ. ಜಾಗಾ ಬಿಟ್ರ ಬ್ಯಾರೆಯವರು ಕೂಡ್ತಾರಂತ ಆಗಾಗ ನಾನೇ ಹೋಗಿ ಕೂಡ್ತೀನಿ. ಅಲ್ಲಿಗೆ ಬಾ. ಅಲ್ಲಿ ನಿನ್ನ ಗುರುತು ಇರೋರು ಯಾರಿಲ್ಲ," ಅಂದ.

ಹೀಗೆ ನಾನು ಗದ್ವಾಲಿಗೆ ಹೋಗಿ ಬರತೊಡಗಿದೆ. ತಾತ ಮೊದಲು ಕೊಟ್ಟಿದ್ದು ಹಳೆಯ ಟೈರಿನ ತುಂಡು ಮತ್ತು ಮೇಣ ತಿಕ್ಕಿದ ದಾರ. ದಬ್ಬಣದಿಂದ ತೂತು ಮಾಡಿ ಆ ಒಂದೇ ತೂತಿನಲ್ಲಿ ದಾರದ ಎರಡೂ ತುದಿಗಳನ್ನು ಎದುರುಬದುರಾಗಿ ದಾಟಿಸಬೇಕು. "ಒಂದೇ ಕಡಿಂದ ದಾರ ಬಂದ್ರ ಅದು ಅರಿವಿ ಹೊಲಿಗಿ. ಒಂದು ಕಡಿ ಹರೀತಂದ್ರ ಇನ್ನೊಂದು ಕಡಿ ಹಿಡಿದಿರಬೇಕು, ಅದು ಕೆರದ ಹೊಲಿಗಿ," ಅನ್ನುತ್ತಿದ್ದ. ಮಷಿನ್ನಿಗೆ ಒಗ್ಗಿದ್ದ ನನ್ನ ಕೈ ಅದಕ್ಕೆ ಬಗ್ಗಲು ಕೆಲ ದಿನ ಹಿಡಿಯಿತು. ಚರ್ಮ ಕೊಯ್ಯುವ ರಂಪಿಗೆ ಒಮ್ಮೆ ಹೆಬ್ಬೆರಳಿಗೂ ಬಡಿಯಿತು. ತಾತ ಗಾಯಕ್ಕೆ ಮೇಣವನ್ನೇ ಒತ್ತಿ ಕೆಲಸ ಮುಂದುವರಿಸು ಅಂದ.

ಗಿರಾಕಿಯ ಚಪ್ಪಲಿಯನ್ನು ನಾನು ಮೊದಲ ಸಲ ಕೈಗೆ ತೆಗೆದುಕೊಂಡ ದಿನ ನೆನಪಿದೆ. ಬಿಳಿ ಧೋತರದ ಒಬ್ಬ ಹಿರಿಯ ಮನುಷ್ಯ, ಫೋನಿನಲ್ಲಿ ಯಾರ ಜೊತೆಗೋ ತೆಲುಗಿನಲ್ಲಿ ಕುರಿಯ ವ್ಯಾಪಾರ ಮಾತಾಡುತ್ತ ಬಂದು, ಚಪ್ಪಲಿ ಕಾಲಿನಿಂದಲೇ ನನ್ನ ಕಡೆ ದೂಡಿ, ಗೋಡೆಗೆ ಕೈಕೊಟ್ಟು ಒಂಟಿ ಕಾಲಲ್ಲಿ ನಿಂತ. ತಾತ ಕಣ್ಣಲ್ಲೇ "ನೀ ಮಾಡು" ಅಂದ. ಚಪ್ಪಲಿ ಇನ್ನೂ ಬೆಚ್ಚಗಿತ್ತು. ಇನ್ನೊಬ್ಬರ ಪಾದದ ಬಿಸಿ ಅಂಗೈಗೆ ತಾಗಿದ ಕೂಡಲೇ ಅದನ್ನು ಟೈರಿನ ತುಂಡಿನ ಮೇಲೆ ಇಳಿಸಿಬಿಟ್ಟೆ. ಅದು ಹೊಲಸಿನಿಂದ ಅಲ್ಲ, ಕುರಿಯ ಹಿಕ್ಕೆಯಲ್ಲಿ ಬೆಳೆದವನಿಗೆ ಹೊಲಸಿನ ಹೇಸಿಗೆ ಇರುವುದಿಲ್ಲ. ಅದು ಬೇರೆ ಏನೋ, ಮನೆಯಲ್ಲಿ ಹೇಳದೆಯೇ ಕಲಿಸಿದ್ದು. ಹೆಬ್ಬೆರಳು ತೂರಿಸುವ ಉಂಗುಷ್ಠದ ಪಟ್ಟಿ ಕಿತ್ತಿತ್ತು. ಹೊಲಿದು ಕೊಟ್ಟೆ. ಅವನು ಹಾಕಿಕೊಂಡು ನೆಲಕ್ಕೆ ಒಮ್ಮೆ ಬಡಿದು ನೋಡಿ, ನನ್ನನ್ನೂ ಒಮ್ಮೆ ನೋಡಿ, ಮಾತು ನಿಲ್ಲಿಸದೆ ಹೋದ. ಆಮೇಲೆ ಬಂದವರ ಚಪ್ಪಲಿಗಳು ನನಗೆ ಅಷ್ಟಾಗಿ ನೆನಪಿಲ್ಲ. ಹೇಸಿಗೆಯೂ ಎರಡು ಮೂರು ಜೋಡಿ ಕಳೆಯುವಷ್ಟರಲ್ಲಿ ಹೋಯಿತು.

ಆಯ್ಕೆ ಸಿಕಂದರಾಬಾದಿನಲ್ಲಿ ಆಯಿತು. ಓಡಿಸಿದರು, ಎದೆ ಅಳೆದರು. ಕೊನೆಗೆ ಕೆಲಸದ ಪರೀಕ್ಷೆ. ಚೀಲಕ್ಕೆ ಪಟ್ಟಿ ಕೂಡಿಸಬೇಕು, ಕ್ಯಾನ್ವಾಸಿಗೆ ಹಗ್ಗ ತೂರಿಸುವ ಹಿತ್ತಾಳೆ ಕಣ್ಣು ಹೊಡೆಯಬೇಕು, ಬೂಟಿಗೆ ಹಿಮ್ಮಡಿ ಕಟ್ಟಬೇಕು. ಮೂರೂ ಮಾಡಿದೆ. ತೆಗೆದುಕೊಂಡರು. ಊರಿಗೆ ಬಂದು ಅಪ್ಪನಿಗೆ, "ಮಿಲಿಟರ್ಯಾಗ ಹೊಲಿಗಿ ಕೆಲಸ," ಅಂದೆ. ಡೇರೆ ಹೊಲಿಯುವುದಿರಬೇಕು ಎಂದು ಅಪ್ಪ ತಿಳಿದುಕೊಂಡ. ಕಂಬಳಿ ನೇಯುವ ಮನುಷ್ಯ ಅವನು, ಮಗ ಡೇರೆ ಹೊಲಿದರೆ ಅದೂ ತನ್ನ ಕೆಲಸದ ಥರದ್ದೇ ಅನಿಸಿರಬೇಕು. ಹುಣಸೆ ಬೀಜದ ಗಂಜಿ ಹಚ್ಚಿ ಒಣಹಾಕಿದ ಕಂಬಳಿಯನ್ನು ಮಡಚುತ್ತ, "ಚೊಲೋ ಆತು ಬಿಡು," ಅಂದ. ಬೂಟಿನ ವಿಷಯ ನಾನು ಎತ್ತಲಿಲ್ಲ.

ಮಗ ಫೌಜಿಗೆ ಸೇರಿದ ಎಂಬ ಸುದ್ದಿ ಹಬ್ಬಿದ ಮೇಲೆ ಹೆಣ್ಣಿನ ಕಡೆಯವರು ಬರತೊಡಗಿದರು. ಅವರಲ್ಲಿ ಒಂದು ಸಂಬಂಧ ಗದ್ವಾಲಿನದು. ಕುರಿ, ಹೊಲ ಎರಡೂ ಇದ್ದ ಮನೆ. ನನ್ನ ತಾಯಿ ತೀರಿಹೋಗಿ ಬಹಳ ವರ್ಷವಾಗಿತ್ತು. ಅಪ್ಪ, ಸೋದರಮಾವ ಮತ್ತು ನಾನು ಮಕ್ತಲ್‌ನಿಂದ ಬಸ್ಸು ಹತ್ತಿ ಹೋದೆವು. ಅಪ್ಪ ಹೊಸ ಕಂಬಳಿಯನ್ನು ಹೆಗಲ ಮೇಲೆ ಮಡಚಿ ಹಾಕಿಕೊಂಡಿದ್ದ.

ಹುಡುಗಿಯ ತಂದೆ ಬಾಗಿಲಿಗೆ ಬಂದು ಕೈಮುಗಿದು ಕರೆದರು. ನಾನು ಅವರ ಮುಖ ನೋಡಿದಾಗ ಎಲ್ಲೋ ನೋಡಿದ ಹಾಗಿದೆ ಅನಿಸಿತು, ಎಲ್ಲಿ ಎಂದು ಹೊಳೆಯಲಿಲ್ಲ. ಹುಡುಗಿ ಮಂಡಕ್ಕಿ ನೆನೆಸಿ ಮಾಡಿದ ಮಂಡಾಳು ಒಗ್ಗರಣೆ, ಮಿರ್ಚಿ ಭಜಿ ತಂದಿಟ್ಟು ಅಡುಗೆಮನೆಯ ಬಾಗಿಲ ಬಳಿ ನಿಂತಳು. ಸೋದರಮಾವ ನನ್ನ ಬಗ್ಗೆ ಹೇಳುತ್ತ ಹೋದ. ಮಿಲಿಟರಿ, ಸಮವಸ್ತ್ರ, ಕ್ಯಾಂಟೀನಿನ ಸಾಮಾನು. ಹುಡುಗಿಯ ತಂದೆ ತಟ್ಟೆ ಮುಟ್ಟದೆ ನನ್ನನ್ನೇ ನೋಡುತ್ತಿದ್ದರು.

"ತಪ್ಪ ತಿಳ್ಕೋಬ್ಯಾಡ್ರಿ," ಅಂದರು ಕೊನೆಗೆ, ನನಗಲ್ಲ, ಅಪ್ಪನಿಗೆ. "ನಿಮ್ಮ ಮಗನ್ನ ನಾನು ನೋಡೀನಿ. ಇಲ್ಲೇ ನಮ್ಮ ಬಸ್ ಸ್ಟ್ಯಾಂಡ್ ಹತ್ರ. ಚಪ್ಪಲಿ ಹೊಲಿಯಾಕ ಕುಂತಿದ್ದ. ನನ್ನ ಚಪ್ಪಲೀನೂ ಹೊಲಿದಾನ."

ಸೋದರಮಾವ ನಕ್ಕುಬಿಟ್ಟ. "ಏ, ಎಲ್ಲಿ ಮಾತ್ರೀ! ಯಾರನ್ನೋ ನೋಡಿ ಯಾರೋ ಅಂತೀರಿ. ಇವ ಮಿಲಿಟರ್ಯಾಗ ಅದಾನ."

ಒಳಗಿನಿಂದ ಯಾರೋ ಹೆಂಗಸು ತೆಲುಗಿನಲ್ಲಿ, "ಚೆಪ್ಪುಲು ಕುಟ್ಟೇವಾಡಾ?" ಅಂದದ್ದು ಎಲ್ಲರಿಗೂ ಕೇಳಿಸಿತು. ಚಪ್ಪಲಿ ಹೊಲಿಯುವವನಾ ಎಂದು. ಅಪ್ಪ ನನ್ನ ಕಡೆ ತಿರುಗಿದ. ಅವನ ಮುಖದಲ್ಲಿ ಸಿಟ್ಟು ಇನ್ನೂ ಬಂದಿರಲಿಲ್ಲ. ನಾನು ಇಲ್ಲ ಎನ್ನುತ್ತೇನೆ ಎಂದೇ ಅವನು ಕಾಯುತ್ತಿದ್ದ. ಇಲ್ಲ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಎಲ್ಲರೂ ಅದನ್ನೇ ನಂಬಲು ತಯಾರಾಗಿ ಕೂತಿದ್ದರು.

"ಹೌದ್ರಿ, ನಾನೇ," ಅಂದೆ. "ಉಂಗುಷ್ಠದ ಪಟ್ಟಿ ಕಿತ್ತಿತ್ತು. ಮಿಲಿಟರಿ ಪರೀಕ್ಷೆಗೆ ಕಲೀತಿದ್ನಿ. ಅಲ್ಲೂ ಬೂಟು ಹೊಲಿಯೋ ಕೆಲಸ ಐತ್ರಿ."

ಅಪ್ಪ ಎದ್ದ. ಕಂಬಳಿ ಹೆಗಲಿಗೆ ಹಾಕಿಕೊಂಡು, ಮನೆಯವರಿಗೆ ಕೈಮುಗಿದು, ಹೊರಗೆ ನಡೆದ. ನಾವು ಹಿಂದೆ ನಡೆದೆವು. ಭಜಿ ತಟ್ಟೆಯಲ್ಲೇ ಉಳಿಯಿತು. ಬಸ್ಸಿನಲ್ಲಿ ಅಪ್ಪ ಕಿಟಕಿಯ ಪಕ್ಕ ಕೂತ. ಜುರಾಲ ಅಣೆಕಟ್ಟಿನ ಮೇಲೆ ಬಸ್ಸು ನಿಧಾನಕ್ಕೆ ಹೋಗುವಾಗ ಎಲ್ಲರೂ ಕೃಷ್ಣೆಗೆ ಚಿಲ್ಲರೆ ಎಸೆದು ಕೈಮುಗಿದರು. ಅಪ್ಪ ನೀರನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಸೋದರಮಾವ ಮಾತ್ರ ದಾರಿಯುದ್ದಕ್ಕೂ, "ಇಲ್ಲ ಅನ್ನಾಕ ಏನಾಗಿತ್ತಲೇ ನಿನಗ," ಎಂದು ಪಿಸುಗುಟ್ಟುತ್ತಿದ್ದ.

ಮನೆ ಮುಟ್ಟಿದ ಮೇಲೆ ಅಪ್ಪ ಒಂದೇ ಮಾತು ಆಡಿದ. "ತೊಗಲಿನ ಸಾಮಾನು ಹೊಸ್ತಿಲು ದಾಟಿ ಒಳಗ ಬರಬಾರದು." ಬರಲಿಲ್ಲ. ಆದರೆ ಗದ್ವಾಲಿನ ಸುದ್ದಿ ಹೊಸ್ತಿಲ ಲೆಕ್ಕ ಇಡುವಂಥದ್ದಲ್ಲ, ಊರೆಲ್ಲ ಹಬ್ಬಿತು. ಬೀರಪ್ಪನ ಗುಡಿಯಲ್ಲಿ ನಾನು ಸಣ್ಣವನಿದ್ದಾಗಿನಿಂದ ಡೊಳ್ಳು ಬಾರಿಸುತ್ತ ಬಂದವನು. ಆ ಸಲ ಪೂಜೆಯ ದಿನ ಹಿರಿಯರೊಬ್ಬರು, "ಈ ವರ್ಷ ನೀ ಹಿಂದ ನಿಲ್ಲು," ಅಂದರು. ಜೋರು ಮಾಡಲಿಲ್ಲ, ಮೆತ್ತಗೇ ಅಂದರು. ನಾನು ಹಿಂದೆ ನಿಂತೆ. ಕೈಗೆ ಕೆಲಸವಿಲ್ಲದೆ ತಾಳ ಕೇಳುತ್ತ ನಿಲ್ಲುವುದು ಬಹಳ ಕಷ್ಟ ಎಂಬುದು ಆಗ ತಿಳಿಯಿತು. ಅಪ್ಪ ಮುಂದಿನ ಸಾಲಿನಲ್ಲಿದ್ದ. ಹಿಂದಿರುಗಿ ನೋಡದೆ ಕೈಮುಗಿದ.

ಅದಾದ ಸ್ವಲ್ಪ ದಿನಕ್ಕೆ ನನ್ನ ಮೊದಲ ಶಿಬಿರದ ಕರೆ ಬಂತು.

ಅಲ್ಲಿ ನನ್ನನ್ನು ಒಬ್ಬ ಹವಲ್ದಾರನ ಕೈಕೆಳಗೆ ಹಾಕಿದರು. ಮರಾಠಿ ಮನುಷ್ಯ, ಮಾತು ಕಡಿಮೆ. ಒಂದು ಶೆಡ್ಡಿನ ಬಾಗಿಲು ತೆಗೆದು ತೋರಿಸಿದ. ಒಳಗೆ ಸೂರಿನ ತನಕ ಡೇರೆಗಳ ರಾಶಿ, ಪಕ್ಕದಲ್ಲಿ ಬೂಟುಗಳ ರಾಶಿ. ಹಳೆಯ ಕ್ಯಾನ್ವಾಸು, ಬೆವರು, ಪಾಲಿಷು ಮೂರೂ ಸೇರಿದ ವಾಸನೆ. "ಯಾವುದರಿಂದ ಶುರು ಮಾಡ್ತಿ?" ಎಂದು ಹಿಂದಿಯಲ್ಲಿ ಕೇಳಿದ. ಬೂಟಿನಿಂದ ಎಂದೆ. ಅವನಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ನನಗೆ ಮಾತ್ರ ಗದ್ವಾಲಿನ ಪಡಸಾಲೆ ಕಣ್ಣ ಮುಂದೆ ಇತ್ತು. ಇದರ ಸಲುವಾಗಿ ಅಷ್ಟೆಲ್ಲ ಆಗಿದ್ದರೆ ಮೊದಲು ಇದನ್ನೇ ಮುಗಿಸೋಣ ಅನಿಸಿತು.

ಶಿಬಿರಕ್ಕೆ ಬಂದವರೆಲ್ಲ ನನ್ನ ಹಾಗೆಯೇ ಅರ್ಧ ಊರವರು. ಬಸ್ ಕಂಡಕ್ಟರ್, ಹಾಲಿನವನು, ಹಿಟ್ಟಿನ ಗಿರಣಿಯವನು. ವರ್ಷವೆಲ್ಲ ಚಪ್ಪಲಿಯಲ್ಲಿ ಓಡಾಡಿದ ಕಾಲುಗಳು ಒಮ್ಮೆಲೇ ಬೂಟಿನೊಳಗೆ ಹೋದರೆ ಬೂಟೂ ಕೆಡುತ್ತದೆ, ಕಾಲೂ ಕೆಡುತ್ತದೆ. ಸಾಲುಗಟ್ಟಿ ಬಂದು ನಿಲ್ಲುತ್ತಿದ್ದರು. ಎಲ್ಲರೂ ನನ್ನನ್ನು "ಮೋಚಿ" ಎಂದೇ ಕರೆಯುತ್ತಿದ್ದರು. ಅಡುಗೆಯವನನ್ನು "ಲಾಂಗ್ರಿ" ಅಂದಷ್ಟೇ ಸಹಜವಾಗಿ ಅನ್ನುತ್ತಿದ್ದರು. ಮೊದಲೆರಡು ದಿನ ಕಿವಿಗೆ ಚುಚ್ಚಿತು. ಆಮೇಲೆ ಯಾರಾದರೂ ಕೂಗಿದರೆ ತಾನಾಗಿ ತಿರುಗತೊಡಗಿದೆ.

ಅವರಲ್ಲಿ ಒಬ್ಬ ನಮ್ಮ ಜಿಲ್ಲೆಯವನೇ, ಮರಿಕಲ್ ಕಡೆಯ ರೈತ. ಹಣೆಗೆ ವಿಭೂತಿ ಇಲ್ಲದೆ ಮುಂಜಾನೆ ನೀರೂ ಕುಡಿಯದ ಮನೆತನದವನು. ದೂರದ ನಡಿಗೆಗೆ ಹೊರಡುವ ಹೊತ್ತಿಗೆ ಅವನ ಬೂಟಿನ ಅಟ್ಟೆ ಮೊಸಳೆಯ ಬಾಯಿಯ ಹಾಗೆ ತೆರೆದುಕೊಂಡಿತು. ಓಡಿ ಬಂದು ನನ್ನ ಎದುರು ನೆಲಕ್ಕೆ ಕೂತ. ನಾನು ಹೊಲಿಯತೊಡಗಿದೆ. ನನ್ನ ಕನ್ನಡ ಕೇಳಿ ಊರು ಕೇಳಿದ, ಮನೆತನ ಕೇಳಿದ. ಹೇಳಿದೆ. ಅವನು ಅಂದ:

"ಊರಾಗ ಆಗಿದ್ರ ನಾ ನಿನ್ನ ಮುಂದ ಹಿಂಗ ಕೂಡ್ತಿದ್ದಿಲ್ಲ. ನೀನೂ ಹಿಂಗ ಹೊಲೀತಿದ್ದಿಲ್ಲ."

"ಹೌದು," ಅಂದೆ.

"ಊರಿಗೆ ಹೋದ ಮ್ಯಾಲ ನಾ ಯಾರಿಗೂ ಹೇಳೂದಿಲ್ಲ ತಗೋ."

"ನಂದು ಆಗಲೇ ಎಲ್ಲಾರಿಗೂ ಗೊತ್ತಾಗೈತಿ. ಹೇಳಿದ್ರ ಹೇಳು."

ಅವನು ಜೋರಾಗಿ ನಕ್ಕ. ನಾನೂ ನಕ್ಕೆ. ಗದ್ವಾಲಿನ ಆ ದಿನದ ನಂತರ ನಾನು ನಕ್ಕದ್ದು ಅದೇ ಮೊದಲು. ಅವನು ಬೂಟು ಕಟ್ಟಿಕೊಂಡು ಓಡಿ ಸಾಲು ಸೇರಿಕೊಂಡ. ಸಂಜೆ ತಿರುಗಿ ಬಂದಾಗ ನನ್ನ ಪಕ್ಕ ತಟ್ಟೆ ಹಿಡಿದು ಊಟಕ್ಕೆ ಕೂತ. ಈಗಲೂ ಮಕ್ತಲ್ ಕಡೆ ಬಂದರೆ ಅಂಗಡಿಗೆ ಬಂದು ಚಹಾ ಕುಡಿದು ಹೋಗುತ್ತಾನೆ.

ಆ ಶಿಬಿರದಲ್ಲಿ ಒಂದು ಮಧ್ಯಾಹ್ನ ಗಾಳಿಮಳೆ ಎದ್ದು ಅಡುಗೆಯ ದೊಡ್ಡ ಡೇರೆ ನಡುವೆ ಸೀಳಿತು. ಇಡೀ ಶಿಬಿರದ ಅನ್ನ ಒಲೆಯ ಮೇಲಿತ್ತು. ಅಡುಗೆಯವರು ಕಂಬ ಅಪ್ಪಿ ಹಿಡಿದರು. ಹವಲ್ದಾರ ಹೊರಗಿನಿಂದ, ನಾನು ಒಳಗಿನಿಂದ, ಒಬ್ಬರಿಗೊಬ್ಬರು ಕಾಣದ ಹಾಗೆ ಒಂದೇ ಸೂಜಿಯನ್ನು ಆ ಕಡೆ ಈ ಕಡೆ ದೂಡುತ್ತ ಸೀಳನ್ನು ಕೆಳಗಿನಿಂದ ಮೇಲಿನ ತನಕ ಹೊಲಿದೆವು. ಮಳೆಯ ನೀರು ತೋಳಿನೊಳಗೆ ಇಳಿಯುತ್ತಿತ್ತು. ಗಾಳಿ ಕ್ಯಾನ್ವಾಸನ್ನು ಎಳೆದಾಗಲೆಲ್ಲ ಸೂಜಿ ಅಂಗೈಗೆ ನಾಟುತ್ತಿತ್ತು. ಮುಗಿದ ಮೇಲೆ ಹವಲ್ದಾರ ಒಳಗೆ ಬಂದು ಹೊಲಿಗೆಯ ಮೇಲೆ ಹೆಬ್ಬೆರಳು ಎಳೆದು ನೋಡಿದ. "ನಾಳೆಯಿಂದ ಡೇರೆ ನಿನ್ನವು," ಅಂದ. ಅನ್ನ ಸ್ವಲ್ಪ ಸೀದಿತ್ತು, ಎಲ್ಲರೂ ಉಂಡರು.

ಶಿಬಿರ ಮುಗಿಸಿ ಬಂದ ಮೇಲೆ ನಾರಾಯಣಪೇಟೆಯ ಕೆಲಸ ಬಿಟ್ಟು ಮಕ್ತಲ್‌ನಲ್ಲಿ ನನ್ನದೇ ಅಂಗಡಿ ಹಾಕಿದೆ. ಬೂಟಿನ ಕೆಲಸವನ್ನೂ ಇಟ್ಟುಕೊಂಡೆ. ಮುಚ್ಚಿಡಲು ಏನೂ ಉಳಿದಿರಲಿಲ್ಲ.

ಒಂದು ದಿನ ಅಂಗಡಿಗೆ ಸೋದರಮಾವ ಓಡಿಬಂದು, ಗದ್ವಾಲಿನವರು ನಮ್ಮ ಮನೆಗೆ ಬಂದಿದ್ದಾರೆ ಎಂದ. ಹೋಗಿ ನೋಡಿದರೆ ಹುಡುಗಿಯ ತಂದೆ ಒಬ್ಬರೇ ನಮ್ಮ ಮನೆಯ ಕಟ್ಟೆಯ ಮೇಲೆ ಅಪ್ಪನ ಪಕ್ಕ ಕೂತಿದ್ದರು. ಇಬ್ಬರ ನಡುವೆ ನೀರಿನ ತಂಬಿಗೆ. ಮಾತು ಆಗಲೇ ಅರ್ಧ ಆಗಿತ್ತು.

"ಹುಡುಗಿ ಬ್ಯಾರೆ ಯಾವ ಕಡೀನೂ ಒಪ್ಪವಲ್ಲದ್ರಿ," ಅನ್ನುತ್ತಿದ್ದರು ಅವರು. "ನಾ ಅವತ್ತು ಕೇಳಿದ್ದು ತಿಳ್ಕೊಳ್ಳಾಕ ಅಷ್ಟ. ನೀವು ಎದ್ದು ಬಂದ್ಬಿಟ್ರಿ."

ಅಪ್ಪ ನನ್ನ ಕಡೆ ನೋಡದೆ ಹೇಳಿದ, "ನನ್ನ ಮಗ ಬದಲಾಗಿಲ್ಲ ನೋಡ್ರಿ. ಅವತ್ತು ಏನು ಮಾಡ್ತಿದ್ದನೋ ಇವತ್ತೂ ಅದನ್ನೇ ಮಾಡ್ತಾನ. ಈಗ ಬಜಾರದಾಗ ಅಂಗಡಿ ಇಟ್ಟು ಮಾಡ್ತಾನ. ಅದನ್ನ ತಿಳ್ಕೊಂಡು ಮಾತಾಡ್ರಿ."

ಅದು ದೂರೋ, ನನ್ನ ಪರವಾದ ಮಾತೋ ನನಗೆ ಇವತ್ತಿಗೂ ತೀರ್ಮಾನವಾಗಿಲ್ಲ. ಹುಡುಗಿಯ ತಂದೆ, "ಗೊತ್ತೈತ್ರಿ, ಅಂಗಡಿ ನೋಡೇ ಬಂದೀನಿ," ಅಂದರು. ಅಲ್ಲಿಗೆ ಮಾತು ಮುಗಿಯಿತು. ಮುಂದಿನ ಶಿಬಿರ ಬರುವುದರೊಳಗೆ ಮದುವೆಯಾಯಿತು.

ಮದುವೆಯಾದ ಮೇಲೆ ಹೆಂಡತಿಗೆ ಕೇಳಿದೆ, ಯಾಕೆ ಬೇರೆ ಕಡೆ ಒಪ್ಪಲಿಲ್ಲ ಎಂದು. ಜೋಳದ ರೊಟ್ಟಿ ಬಡಿಯುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

"ನಮ್ಮಪ್ಪ ಕೇಳಿದ ಕೂಡ್ಲೆ ಹೌದು ಅಂದ್ರಿ. ನಿಮ್ಮ ಮಾವ ಇಲ್ಲಂದಿದ್ದ, ನೀವೂ ಇಲ್ಲ ಅನಬಹುದಿತ್ತು. ಸುಳ್ಳು ಹೇಳೋ ಮನುಷ್ಯ ಹೆಂಗ ಕುಂತಿರ್ತಾನ ಅಂತ ನನಗ ಗೊತ್ತೈತ್ರಿ. ಅದರ ಮೊದಲು ಬಂದಿದ್ದ ಎರಡು ಗಂಡುಗಳೂ ಹಂಗ ಕುಂತಿದ್ವು."

ಅವಳ ಮಾತು ಯಾವಾಗಲೂ ಹೀಗೆ, ಸುತ್ತುಬಳಸಿಲ್ಲದ್ದು. ನಮ್ಮ ಊರಿನ ಹೆಂಗಸರು ಬೋರ್‌ವೆಲ್ಲಿನ ಹತ್ತಿರ, ನಿನ್ನ ಗಂಡ ತೊಗಲು ಮುಟ್ಟುತ್ತಾನಂತೆ ಹೌದೇನು ಎಂದು ಕೇಳಿದಾಗ, "ಬೀರಪ್ಪನ ಡೊಳ್ಳಿಗೆ ಏನು ಅರಿವಿ ಕಟ್ಟ್ಯಾರೇನು?" ಎಂದು ಕೊಡ ತುಂಬಿಕೊಂಡು ಬಂದಳಂತೆ. ಇದನ್ನು ಅವಳೇ ನನಗೆ ಹೇಳಿದ್ದು. ಅದರಿಂದ ಏನೂ ಬದಲಾಗಲಿಲ್ಲ. ಆದರೆ ಮುಂದಿನ ವರ್ಷ ಡೊಳ್ಳು ಬಾರಿಸಲು ಒಬ್ಬರು ಕಡಿಮೆ ಬಿದ್ದಾಗ ನನ್ನನ್ನೇ ಕರೆದರು. ಹೋಗಿ ಬಾರಿಸಿದೆ.

ಬೇವಿನ ಮರವನ್ನು ರಸ್ತೆ ಅಗಲ ಮಾಡಲು ಕಡಿದ ಮೇಲೆ ತಾತನಿಗೆ ಕೂಡಲು ನೆರಳಿಲ್ಲದಂತಾಯಿತು. ನನ್ನ ಅಂಗಡಿಯ ಮುಂದಿನ ತಗಡಿನ ಚಪ್ಪರದಲ್ಲಿ ಬಂದು ಕೂಡ್ರಿ ಎಂದೆ. ಬಂದ. ಚಪ್ಪಲಿ ಅವನಿಗೆ, ಸೀಟು ತಾಡಪತ್ರಿ ನನಗೆ. ಬೂಟು ಬಂದರೆ ಯಾರ ಕೈ ಖಾಲಿಯೋ ಅವರಿಗೆ. ನಾನು ಶಿಬಿರಕ್ಕೆ ಹೋದಾಗ ಚಪ್ಪರ ಮಾತ್ರ ತೆರೆದಿರುತ್ತಿತ್ತು, ಬಂದವರಿಗೆಲ್ಲ "ಮಿಲಿಟರಿಗೆ ಹೋಗ್ಯಾನ" ಎಂದು ತಾತ ಹೇಳುತ್ತಿದ್ದ.

ಇಷ್ಟು ವರ್ಷಗಳಲ್ಲಿ ಅಪ್ಪ ನನ್ನ ಅಂಗಡಿಗೆ ಬಂದಿರಲಿಲ್ಲ. ಅವನ ಕೆರ ಹರಿದು ಮಕ್ತಲ್‌ಗೆ ಬಂದರೂ ರಸ್ತೆಯ ಆ ಬದಿಯಲ್ಲಿ ನಿಂತು ತಾತನನ್ನು ಅಲ್ಲಿಗೇ ಕರೆಸಿಕೊಳ್ಳುತ್ತಿದ್ದ. ತಾತ ಎದ್ದು ರಸ್ತೆ ದಾಟಿ ಹೋಗಿ ತರುತ್ತಿದ್ದ, ಹೊಲಿದು ಮತ್ತೆ ರಸ್ತೆ ದಾಟಿ ಕೊಡುತ್ತಿದ್ದ. ನಾನು ಮಷಿನ್ನಿನ ಮುಂದೆ ಕೂತು ನೋಡುತ್ತಿದ್ದೆ. ನಮ್ಮ ಮೂವರಿಗೂ ಅದು ರೂಢಿಯಾಗಿಹೋಗಿತ್ತು.

ನಂತರ ಅಪ್ಪನಿಗೆ ಸಕ್ಕರೆ ರೋಗ ಬಂತು. ಜೀವನವಿಡೀ ಕುರಿಗಳ ಹಿಂದೆ ನಡೆದ ಪಾದಗಳು ಜೋಮು ಹಿಡಿದವು. ಮುಳ್ಳು ಚುಚ್ಚಿದರೂ ತಿಳಿಯುತ್ತಿರಲಿಲ್ಲ. ಬಲಗಾಲ ಹೆಬ್ಬೆರಳಿನ ಕೆಳಗೆ ಗಾಯವಾಗಿ ಮಾಯಲೊಲ್ಲದಾಯಿತು. ನಾರಾಯಣಪೇಟೆಯ ಡಾಕ್ಟರು, ಮೆತ್ತನೆಯ ಅಟ್ಟೆಯ, ಪಾದದ ಅಳತೆಗೇ ಮಾಡಿದ ಕೆರ ಹಾಕಬೇಕು, ಗಾಯದ ಜಾಗಕ್ಕೆ ಭಾರ ಬೀಳಬಾರದು, ಇಲ್ಲದಿದ್ದರೆ ಬೆರಳು ತೆಗೆಯಬೇಕಾದೀತು ಎಂದರು.

ಹೆಂಡತಿ ಆಸ್ಪತ್ರೆಯಿಂದ ಅಪ್ಪನನ್ನು ಆಟೋದಲ್ಲಿ ಕರೆದುಕೊಂಡು ನೇರ ಅಂಗಡಿಗೇ ಬಂದಳು. "ಇಳೀರಿ ಮಾವ," ಅಂದಳು. ಇಳಿಯದೆ ಬೇರೆ ದಾರಿ ಇರಲಿಲ್ಲ. ಚಪ್ಪರದ ಕೆಳಗೆ ಸ್ಟೂಲಿನ ಮೇಲೆ ಕೂರಿಸಿದೆವು. ನಾನು ಅಳತೆಗೆಂದು ರಟ್ಟು ತೆಗೆದುಕೊಂಡು ಬಗ್ಗಿದೆ. ಅಪ್ಪ ಕಾಲು ಹಿಂದಕ್ಕೆ ಎಳೆದುಕೊಂಡ.

"ಅವ ತಗೊಳ್ಳಲಿ," ಅಂದ ತಾತನ ಕಡೆ ತೋರಿಸಿ. "ನೀ ಬ್ಯಾಡ."

ತಾತ ನನ್ನ ಕಡೆ ನೋಡಿದ. ನಾನು ರಟ್ಟು ಅವನಿಗೆ ಕೊಟ್ಟೆ. ಅವನು ಅಪ್ಪನ ಪಾದವನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಸುತ್ತಲೂ ಪೆನ್ಸಿಲ್ಲು ಎಳೆದ. ಗಾಯ ಎಲ್ಲಿದೆ ಎಂದು ಬೆರಳಿಟ್ಟು ಗುರುತು ಮಾಡಿದ. ಇಬ್ಬರೂ ಮುದುಕರು ಮಳೆ, ಮೇವು ಎಂದು ಏನೋ ಮಾತಾಡಿಕೊಂಡರು. ಆಮೇಲೆ ಹೆಂಡತಿ ಅಪ್ಪನನ್ನು ಮನೆಗೆ ಕರೆದೊಯ್ದಳು.

ತಾತನ ಕಣ್ಣಿಗೆ ಆಗಲೇ ಪೊರೆ ಬಂದಿತ್ತು, ಸಣ್ಣ ಹೊಲಿಗೆ ಆಗುತ್ತಿರಲಿಲ್ಲ. ಅಟ್ಟೆ ಅವನು ಕೊಯ್ದ, ಹೊಲಿಗೆ ನಾನು ಹಾಕಿದೆ. ಗಾಯದ ಜಾಗದಲ್ಲಿ ಅಟ್ಟೆಯನ್ನು ತಗ್ಗು ಮಾಡಿ ಸುತ್ತಲೂ ಸ್ಪಂಜು ಕೂಡಿಸಿದೆ. ಬೆನ್ನುಚೀಲದ ಪಟ್ಟಿ ಭುಜಕ್ಕೆ ಒತ್ತದ ಹಾಗೆ ಮಾಡುವ ಕೆಲಸ ಶಿಬಿರದಲ್ಲಿ ಎಷ್ಟೋ ಸಲ ಮಾಡಿದ್ದೆ, ಇದೂ ಹಾಗೆಯೇ. ತಾತ ಸವರಿ ನೋಡಿ, "ಸಾಕು," ಅಂದ.

ಹೆಂಡತಿ ಕೆರವನ್ನು ಮನೆಗೆ ತೆಗೆದುಕೊಂಡು ಹೋಗಿ ಹೊಸ್ತಿಲ ಹೊರಗೆ ಇಟ್ಟಳು. ಯಾರು ಹೊಲಿದದ್ದು ಎಂದು ಅಪ್ಪ ಕೇಳಲಿಲ್ಲ. ಹಾಕಿಕೊಂಡ. ಗಾಯ ನಿಧಾನಕ್ಕೆ ಮಾಯಿತು, ಬೆರಳು ಉಳಿಯಿತು.

ನಡೆಯಲು ಬಂದ ಮೇಲೆ ಅಪ್ಪ ಮೊದಲು ಹೋದದ್ದು ಬೀರಪ್ಪನ ಗುಡಿಗೆ. ಜೊತೆಗೆ ನಾನಿದ್ದೆ. ಗುಡಿಯ ಮುಂದೆ ಬೇರೆಯವರ ಚಪ್ಪಲಿಗಳ ಜೊತೆ ಕಲೆಯದ ಹಾಗೆ ಸ್ವಲ್ಪ ದೂರ ಕೆರ ಬಿಟ್ಟು ಒಳಗೆ ಹೋದ. ಕೈಮುಗಿದು, ಹಣೆಗೆ ಅರಿಶಿನದ ಭಂಡಾರ ಹಚ್ಚಿಕೊಂಡು ಹೊರಗೆ ಬಂದ. ನನ್ನ ಭುಜ ಹಿಡಿದು ಒಂದೊಂದೇ ಕಾಲು ಕೆರದೊಳಗೆ ಇಟ್ಟ. ಬಲಗಾಲನ್ನು ನೆಲಕ್ಕೆ ಒತ್ತಿ ನೋಡಿದ. "ನಡಿ, ಬಿಸಿಲಾತು," ಅಂದ. ಇಬ್ಬರೂ ಮನೆಯ ಕಡೆ ನಡೆದೆವು.